ಹಳೇ 911ರ ಇಂಜೆಕ್ಷನ್ ಪಾರ್ಟ್ ಹುಡುಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಇರುವುದು 1982ರ ಪೋರ್ಷೆ 911 ಎಸ್‌ಸಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಮನೆಯ ಗ್ಯಾರೇಜಿನಲ್ಲಿ ಅದರ ಜೊತೆ ಒದ್ದಾಡುತ್ತ ಬಹಳ ವರ್ಷವಾಯಿತು. ಇಲ್ಲಿ ಹಳೇ ಕಾರು ಇಟ್ಟುಕೊಂಡಿರುವ ಕನ್ನಡದ ಗೆಳೆಯರು, ಬೆಂಗಳೂರಿನಿಂದ ಕುತೂಹಲಕ್ಕೆ ಫೋನ್ ಮಾಡುವ ತಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ: ಇಂಜಿನ್‌ಗೆ ಪೆಟ್ರೋಲ್ ಎರಚುವ ಇಂಜೆಕ್ಷನ್ ಸಿಸ್ಟಮ್, ಅದರ ಪಾರ್ಟ್. ಪ್ರತಿಸಲ ಮೊದಲಿನಿಂದ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ.

## ಶುರುವಿನಲ್ಲಿ

ನನ್ನ 911ರಲ್ಲಿ ಯಾವ ಇಂಜೆಕ್ಷನ್ ಇದೆ ಅಂತ ತಿಳಿಯೋದು ಹೇಗೆ?

ಮಾಡೆಲ್ ವರ್ಷ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಬಾಷ್ ಕಂಪನಿಯ ಕೆ-ಜೆಟ್ರಾನಿಕ್ 1973ರ ಶುರುವಿನಲ್ಲಿ ಅಮೆರಿಕಕ್ಕೆ ಬಂದ 911 ಟಿ ಮೇಲೆ ಮೊದಲು ಕಾಣಿಸಿತು. 1978ರಿಂದ 1983ರವರೆಗಿನ ಎಸ್‌ಸಿ ಪೂರ್ತಿ ಇದರ ಮೇಲೇ ಓಡಿತು. 1984ರಲ್ಲಿ 3.2 ಲೀಟರ್ ಕರೆರಾ ಬಂದಾಗ ಕಂಪ್ಯೂಟರ್ ಇರುವ ಮೋಟ್ರಾನಿಕ್ ಬಂತು. ಟರ್ಬೊ ಮಾತ್ರ 1989 ದಾಟಿದ ಮೇಲೂ ಕೆ-ಜೆಟ್ರಾನಿಕ್ ಬಿಡಲಿಲ್ಲ.

ಕಣ್ಣಲ್ಲಿ ನೋಡಿ ಗುರುತಿಸುವುದೂ ಸುಲಭ. ಇಂಜಿನ್ ಮೇಲೆ ಒಂದು ಲೋಹದ ಗಡ್ಡೆ, ಅದರಿಂದ ಜೇಡನ ಕಾಲಿನ ಹಾಗೆ ಆರು ತೆಳು ಕೊಳವೆ ಹೊರಟು ಒಂದೊಂದು ಸಿಲಿಂಡರಿಗೆ ಹೋಗಿದ್ದರೆ ಅದು ಕೆ-ಜೆಟ್ರಾನಿಕ್. ಇಂಜೆಕ್ಟರ್ ತಲೆಗೆ ವೈರ್ ಇರುವುದಿಲ್ಲ. ಅಮೆರಿಕದಲ್ಲಿ ಇದನ್ನೇ ಸಿಐಎಸ್ ಅನ್ನುತ್ತಾರೆ. ಮುಂದೆ ಬರೆದದ್ದೆಲ್ಲ ಈ ಸಿಸ್ಟಮ್ ಬಗ್ಗೆಯೇ.

ಅದು ಕೆಲಸ ಮಾಡೋದು ಹೇಗೆ? ಇಂಜಿನಿಯರ್ ಭಾಷೆ ಬೇಡ ಸ್ವಾಮಿ.

ಹೆಸರಿನ 'ಕೆ' ಜರ್ಮನ್ ಪದದ ಮೊದಲ ಅಕ್ಷರ. ಅರ್ಥ: ನಿಲ್ಲದೆ ಹರಿಯುವುದು. ಇಂಜಿನ್ ಓಡುತ್ತಿರುವಷ್ಟು ಹೊತ್ತೂ ಆರು ಇಂಜೆಕ್ಟರ್‌ಗಳು ಪೆಟ್ರೋಲ್ ಎರಚುತ್ತಲೇ ಇರುತ್ತವೆ.

ಎಷ್ಟು ಎರಚಬೇಕು ಅನ್ನುವುದನ್ನು ಗಾಳಿ ಹೇಳುತ್ತದೆ. ಇಂಜಿನ್ ಗಾಳಿ ಎಳೆದಾಗ ಒಂದು ತಟ್ಟೆ ಮೇಲೇಳುತ್ತದೆ. ತಟ್ಟೆಯ ಸನ್ನೆಕೋಲು ಫ್ಯೂಯಲ್ ಡಿಸ್ಟ್ರಿಬ್ಯೂಟರ್ (ಮೇಲೆ ಹೇಳಿದ ಲೋಹದ ಗಡ್ಡೆ) ಒಳಗಿನ ಒಂದು ಸಣ್ಣ ಕಡ್ಡಿಯನ್ನು ಮೇಲೆ ತಳ್ಳುತ್ತದೆ. ಕಡ್ಡಿ ಮೇಲೆ ಹೋದಷ್ಟೂ ಸೀಳುಗಳು ತೆರೆದು ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಅದೇ ಕಡ್ಡಿಯನ್ನು ಮೇಲಿನಿಂದ ಒತ್ತಿ ಹಿಡಿಯುವುದು ಕಂಟ್ರೋಲ್ ಪ್ರೆಶರ್. ಆ ಒತ್ತಡವನ್ನು ತೀರ್ಮಾನಿಸುವುದು ವಾರ್ಮ್-ಅಪ್ ರೆಗ್ಯುಲೇಟರ್. ಇಂಜಿನ್ ತಣ್ಣಗಿದ್ದಾಗ ಒತ್ತಡ ಕಡಿಮೆ, ಆದ್ದರಿಂದ ಪೆಟ್ರೋಲ್ ಜಾಸ್ತಿ. ಬಿಸಿಯಾದಂತೆ ಒತ್ತಡ ಏರುತ್ತದೆ, ಪೆಟ್ರೋಲ್ ಇಳಿಯುತ್ತದೆ. ಇಷ್ಟು ಅರ್ಥವಾದರೆ ಉಳಿದದ್ದು ಪಂಪ್, ಫಿಲ್ಟರ್, ಕೊಳವೆ.

ಗಾಡಿ ಸರಿಯಾಗಿ ಸ್ಟಾರ್ಟ್ ಆಗ್ತಿಲ್ಲ. ಮೊದಲು ಯಾವ ಪಾರ್ಟ್ ತರಿಸಲಿ?

ಯಾವುದೂ ಬೇಡ. ಸುಮ್ನೆ ಕಾರ್ಡ್ ಉಜ್ಜಬೇಡಿ.

ನಾನು ಕಾರು ತಂದ ವರ್ಷದ ಕತೆ ಹೇಳುತ್ತೇನೆ. ಐಡಲ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು) ನಿಲ್ಲುತ್ತಿರಲಿಲ್ಲ, ತಣ್ಣಗಿದ್ದಾಗ ಕೆಮ್ಮುತ್ತಿತ್ತು. ಯಾರೋ ಪಂಪ್ ಅಂದರು, ಪಂಪ್ ಹಾಕಿದೆ. ಇನ್ಯಾರೋ ಅಕ್ಯುಮ್ಯುಲೇಟರ್ (ಇಂಜಿನ್ ನಿಂತ ಮೇಲೂ ಪೆಟ್ರೋಲ್ ಒತ್ತಡ ಉಳಿಸುವ ಡಬ್ಬಿ) ಅಂದರು, ಅದೂ ಆಯಿತು. ಕೊನೆಗೆ ರಿಪೇರಿ ಮಾಡಿದ ರೆಗ್ಯುಲೇಟರ್ ಕೂಡ ತರಿಸಿದೆ. ಆರು ತಿಂಗಳು ಹೋಯಿತು, ದುಡ್ಡು ಎಷ್ಟು ಹೋಯಿತು ಅಂತ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ತೊಂದರೆ ಇದ್ದದ್ದು ಇಂಜೆಕ್ಟರ್ ಬುಡದ ಓರಿಂಗ್ ಅನ್ನುವ ರಬ್ಬರ್ ಬಳೆಗಳಲ್ಲಿ. ಒಣಗಿ ಕಲ್ಲಾಗಿ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಈ ಸಿಸ್ಟಮ್‌ನಲ್ಲಿ ತಟ್ಟೆ ದಾಟದೆ ಒಳಗೆ ಬಂದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಮೊದಲು ಗಾಳಿ ಸೋರಿಕೆ ನೋಡಬೇಕು. ಕಾಸಿಲ್ಲದ ಪರೀಕ್ಷೆ ಒಂದಿದೆ. ಇಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ತುಂಬುವ ಮುಚ್ಚಳ ತೆಗೆಯಿರಿ. ಇಂಜಿನ್ ತಡವರಿಸಬೇಕು, ಆಫ್ ಆದರೂ ಸರಿ. ಏನೂ ಆಗದಿದ್ದರೆ ಬೇರೆಲ್ಲೋ ಆಗಲೇ ಸೋರುತ್ತಿದೆ ಅಂತ ಅರ್ಥ. ಇಂಜೆಕ್ಟರ್ ಓರಿಂಗ್, ಇಂಟೇಕ್ ರಬ್ಬರ್ ತೋಳುಗಳು, ಆಯಿಲ್ ಮುಚ್ಚಳದ ಸೀಲ್, ಏರ್‌ಬಾಕ್ಸ್ (ಗಾಳಿ ಹಾದುಹೋಗುವ ಪ್ಲಾಸ್ಟಿಕ್ ಡಬ್ಬಿ), ಈ ನಾಲ್ಕನ್ನು ನೋಡಿದ ಮೇಲೆ ಪಾರ್ಟಿನ ಮಾತು.

ಪ್ರೆಶರ್ ಗೇಜ್ ಬೇಕೇ ಬೇಕಾ? ವರ್ಷಕ್ಕೊಂದು ಸಲ ಬಳಸೋಕೆ ದಂಡ ಅಲ್ವಾ?

ಬೇಕೇ ಬೇಕು. ನೀವು ಕೊಳ್ಳಬೇಕಾದ ಮೊದಲ ವಸ್ತುವೇ ಅದು. ಗೇಜ್ ಒಂದು ಸಾಲದು, ಜೊತೆಗೆ ಮುಚ್ಚಿ ತೆರೆಯುವ ವಾಲ್ವ್ ಇರುವ ಸೆಟ್ ಬೇಕು. ಡಿಸ್ಟ್ರಿಬ್ಯೂಟರ್‌ಗೂ ರೆಗ್ಯುಲೇಟರ್‌ಗೂ ನಡುವೆ ಜೋಡಿಸಿ. ವಾಲ್ವ್ ಇರಬೇಕಾದದ್ದು ರೆಗ್ಯುಲೇಟರ್ ಕಡೆ.

ವಾಲ್ವ್ ಮುಚ್ಚಿದರೆ ಕಾಣುವುದು ಸಿಸ್ಟಮ್ ಪ್ರೆಶರ್. ಎಸ್‌ಸಿಯಲ್ಲಿ ಅದು 4.5ರಿಂದ 5.2 ಬಾರ್ (ಒತ್ತಡದ ಅಳತೆ) ನಡುವೆ ಇರಬೇಕು. ತೆರೆದರೆ ಕಂಟ್ರೋಲ್ ಪ್ರೆಶರ್. ಇಂಜಿನ್ ಬಿಸಿಯಾಗಿ, ವ್ಯಾಕ್ಯೂಮ್ ಪೈಪ್ ಜೋಡಿಸಿದ್ದಾಗ ಸಾಮಾನ್ಯವಾಗಿ 3.5 ಬಾರ್ ಆಸುಪಾಸು. ತಣ್ಣಗಿದ್ದಾಗಿನ ಅಂಕಿ ಹೊರಗಿನ ಹವೆಯ ಮೇಲೆ ಬದಲಾಗುತ್ತದೆ, ನಿಮ್ಮ ರೆಗ್ಯುಲೇಟರ್ ನಂಬರಿನ ಗ್ರಾಫ್ ಅನ್ನು ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಇಂಜಿನ್ ನಿಲ್ಲಿಸಿದ ಮೇಲೆ ಒತ್ತಡ ಎಷ್ಟು ನಿಧಾನಕ್ಕೆ ಇಳಿಯುತ್ತದೆ ಅನ್ನುವುದು ಮೂರನೇ ಅಳತೆ. ಈ ಮೂರೂ ಕೈಯಲ್ಲಿದ್ದರೆ ಯಾವ ಪಾರ್ಟ್ ಹೋಗಿದೆ ಅಂತ ಬಹುಪಾಲು ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಕನೆಕ್ಷನ್ ಬಿಚ್ಚಿದಾಗ ಪೆಟ್ರೋಲ್ ಚಿಮ್ಮುತ್ತದೆ. ಇಂಜಿನ್ ತಣ್ಣಗಿರಲಿ, ಬಟ್ಟೆ ಸುತ್ತಿ ಮೆಲ್ಲಗೆ ಬಿಚ್ಚಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿರಲಿ.

## ಹುಡುಕಾಟ

ಒಂದೇ ಪಾರ್ಟಿಗೆ ಎರಡೆರಡು ನಂಬರ್ ಇದೆ. ಯಾವುದನ್ನು ಹಿಡಿದು ಹುಡುಕಬೇಕು?

ಎರಡನ್ನೂ. ಒಂದು ಪೋರ್ಷೆ ನಂಬರ್, ಇನ್ನೊಂದು ಬಾಷ್ ನಂಬರ್.

ಪೋರ್ಷೆ ನಂಬರಿನ ಮೊದಲ ಮೂರು ಅಂಕಿ ಆ ಪಾರ್ಟ್ ಮೊದಲು ಯಾವ ಮಾಡೆಲಿಗೆ ಬಂತು ಅಂತ ಹೇಳುತ್ತದೆ. ಆದ್ದರಿಂದ ಎಸ್‌ಸಿಯ ಪಾರ್ಟ್ 911 ಬದಲು 930 ಅಂತ ಶುರುವಾದರೆ ಗಾಬರಿ ಬೇಡ, ಅದು ಟರ್ಬೊ ಮನೆಯಿಂದ ಬಂದದ್ದು. ನಡುವಿನ 110 ಅಂದರೆ ಗಾಳಿ ಮತ್ತು ಇಂಜೆಕ್ಷನ್ ಗುಂಪು.

ನಿಜವಾದ ಬೀಗದ ಕೈ ಬಾಷ್ ನಂಬರ್. ಹತ್ತು ಅಂಕಿ. ಶುರುವಿನ ಏಳು ನೋಡಿದರೆ ವಸ್ತು ಯಾವುದು ಅಂತ ತಿಳಿಯುತ್ತದೆ. 0 438 100 ಅಂದರೆ ಫ್ಯೂಯಲ್ ಡಿಸ್ಟ್ರಿಬ್ಯೂಟರ್. 0 438 140 ವಾರ್ಮ್-ಅಪ್ ರೆಗ್ಯುಲೇಟರ್. 0 438 170 ಅಕ್ಯುಮ್ಯುಲೇಟರ್. 0 437 502 ಇಂಜೆಕ್ಟರ್. 0 280 170 ಕೋಲ್ಡ್ ಸ್ಟಾರ್ಟ್ ವಾಲ್ವ್, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವಾಗ ಹೆಚ್ಚುವರಿ ಪೆಟ್ರೋಲ್ ಎರಚುವುದು. ಕೊನೆಯ ಮೂರು ಅಂಕಿಯಲ್ಲೇ ನಿಮ್ಮ ಕಾರಿನ ಗುಟ್ಟಿರುವುದು. ನಂಬರ್ 0 986 ಅಂತ ಶುರುವಾಗಿದ್ದರೆ ಅದು ಸಾಮಾನ್ಯವಾಗಿ ಬಾಷ್‌ನವರೇ ರಿಪೇರಿ ಮಾಡಿ ಮಾರುವ ಪಾರ್ಟ್.

ನಂಬರನ್ನು ಕ್ಯಾಟಲಾಗಿನಿಂದಷ್ಟೇ ತೆಗೆದುಕೊಳ್ಳಬೇಡಿ. ಹಲ್ಲುಜ್ಜುವ ಹಳೇ ಬ್ರಷ್, ಟಾರ್ಚ್ ಹಿಡಿದು ನಿಮ್ಮದೇ ಪಾರ್ಟಿನ ಮೇಲೆ ಕೆತ್ತಿದ್ದನ್ನು ಓದಿ, ಫೋಟೋ ತೆಗೆದಿಡಿ. ನಲವತ್ತು ವರ್ಷದಲ್ಲಿ ಯಾವ ಮೆಕ್ಯಾನಿಕ್ ಏನು ಬದಲಿಸಿದ್ದಾನೋ ಯಾರಿಗೆ ಗೊತ್ತು? ಮೊದಲೇ ತಪ್ಪು ಪಾರ್ಟ್ ಕೂತಿರಬಹುದು. ಕ್ಯಾಟಲಾಗ್ ಮತ್ತು ಕೆತ್ತನೆ ಎರಡೂ ಹೊಂದದಿದ್ದರೆ, ಬಹುಶಃ ನಿಮ್ಮ ತೊಂದರೆಯ ಮೂಲವೇ ಸಿಕ್ಕಿತು.

ಯಾವುದು ಹೊಸದು ಸಿಗುತ್ತೆ, ಯಾವುದಕ್ಕೆ ಅಲೆಯಬೇಕು?

ಫಿಲ್ಟರ್, ಓರಿಂಗ್, ವಾಷರ್, ರಬ್ಬರ್ ತೋಳು, ಇಂಜೆಕ್ಟರ್, ಪಂಪ್: ಇವಕ್ಕೆ ಅಲೆದಾಟ ಕಡಿಮೆ. ಪೋರ್ಷೆ ಡೀಲರ್ ಕೌಂಟರಿನಲ್ಲಿ ಕೇಳಿದರೆ ಪೋರ್ಷೆ ಕ್ಲಾಸಿಕ್ ವಿಭಾಗದಿಂದ ತರಿಸಿ ಕೊಡುತ್ತಾರೆ. ಹಳೇ ಪೋರ್ಷೆಗೆ ಅಂತಲೇ ಇರುವ ಅಂಗಡಿಗಳಲ್ಲೂ ಇರುತ್ತವೆ. ದುಬಾರಿ ಅನ್ನಿಸಿದರೂ ಡೀಲರನ್ನು ಒಮ್ಮೆ ಕೇಳಿ. ಕೆಲವು ಸಣ್ಣ ಸಾಮಾನು ಅಲ್ಲೇ ಅಗ್ಗ, ನನಗೂ ಆಶ್ಚರ್ಯವಾಗಿದೆ.

ತಲೆನೋವು ಎರಡೇ, ಡಿಸ್ಟ್ರಿಬ್ಯೂಟರ್ ಮತ್ತು ವಾರ್ಮ್-ಅಪ್ ರೆಗ್ಯುಲೇಟರ್. ಹೊಸದು ಸಿಕ್ಕರೆ ಬೆಲೆ ಕೇಳಿ ಕೂತುಬಿಡುತ್ತೀರಿ. ಇವಕ್ಕೆ ನಿಮ್ಮದನ್ನೇ ತಜ್ಞರ ಹತ್ತಿರ ಕಳಿಸಿ ರಿಪೇರಿ ಮಾಡಿಸುವುದೇ ಸರಿ. ಟೆಸ್ಟ್ ಬೆಂಚ್ ಇರುವವರನ್ನೇ ಹುಡುಕಿ. ಸಿಲಿಂಡರ್‌ಗಳಿಗೆ ಪೆಟ್ರೋಲ್ ಹೊರಡುವ ಆರೂ ಬಾಯಿಯ ಹರಿವು ಅಳೆದು ಕಾಗದದ ಮೇಲೆ ಬರೆದು ಕೊಡುತ್ತೀರಾ ಅಂತ ಕೇಳಿ. ಕೊಡುವುದಿಲ್ಲ ಅಂದವರಿಗೆ ನಾನು ಕಳಿಸುವುದಿಲ್ಲ.

ವೋಲ್ವೋದಲ್ಲೂ ಇದೇ ಕೆ-ಜೆಟ್ರಾನಿಕ್ ಅಂತೆ. ಗುಜರಿಯಿಂದ ತಂದು ಹಾಕಬಹುದಾ?

ಇದೇ ಸಿಸ್ಟಮ್ ನಿಜ. ಗಾಲ್ಫ್ ಜಿಟಿಐ, ವೋಲ್ವೋ 240, ಮರ್ಸಿಡೀಸ್, ಡೆಲೋರಿಯನ್, ಫೆರಾರಿ 308 ಜಿಟಿಬಿಐ, ಎಲ್ಲದರಲ್ಲೂ ಇತ್ತು. ಆದರೆ ಮನೆತನ ಒಂದೇ ಆದರೂ ಪ್ರತಿಯೊಬ್ಬರ ಹೊಟ್ಟೆ ಬೇರೆ.

ಡೆಲೋರಿಯನ್‌ನ ಡಿಸ್ಟ್ರಿಬ್ಯೂಟರ್‌ಗೂ ಆರೇ ಬಾಯಿ. ಹಾಗಂತ ಅದು 911ಕ್ಕೆ ಸರಿಹೋಗುವುದಿಲ್ಲ. ಸೀಳಿನ ಅಳತೆ ಆ ಇಂಜಿನ್‌ಗೆ ಹೊಂದಿಸಿದ್ದು. ರೆಗ್ಯುಲೇಟರ್ ಇನ್ನೂ ಮೋಸ. ಹೊರಗೆ ಅವಳಿ ಮಕ್ಕಳ ಹಾಗೆ ಕಾಣುತ್ತವೆ, ಒಳಗೆ ಒತ್ತಡ ಏರುವ ರೀತಿ ಬೇರೆ. ಕೆಲವಕ್ಕೆ ವ್ಯಾಕ್ಯೂಮ್ ಪೈಪ್ ಇದೆ, ಕೆಲವಕ್ಕಿಲ್ಲ. ಕೋಲ್ಡ್ ಸ್ಟಾರ್ಟ್ ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು ಅಂತ ತೀರ್ಮಾನಿಸುವ ಥರ್ಮೋ-ಟೈಮ್ ಸ್ವಿಚ್ ಪುಣ್ಯಕ್ಕೆ ಪ್ರಾಮಾಣಿಕ. ಎಷ್ಟು ಡಿಗ್ರಿ, ಎಷ್ಟು ಸೆಕೆಂಡ್ ಅಂತ ಅದರ ಮೈಮೇಲೇ ಕೆತ್ತಿರುತ್ತದೆ. ಅದನ್ನು ಓದಿ ಹೋಲಿಸಬಹುದು.

ಗುಜರಿಯ ಕಾರುಗಳಿಂದ ನಾನು ತಂದದ್ದು ಬ್ಯಾಂಜೋ ಬೋಲ್ಟ್ (ಪೆಟ್ರೋಲ್ ಕೊಳವೆ ಜೋಡಿಸುವ ಟೊಳ್ಳು ಬೋಲ್ಟ್), ಕನೆಕ್ಟರ್ ಪ್ಲಗ್, ಕ್ಲಾಂಪ್ ಅಂಥವು ಮಾತ್ರ. ಅದಕ್ಕೆ ಅದು ಚಿನ್ನದ ಗಣಿ.

ರಿಪೇರಿ ಪಾರ್ಟ್ ಕೊಡುವಾಗ ಹಳೇದು ವಾಪಸ್ ಕೇಳ್ತಾರೆ. ಕೊಟ್ಟುಬಿಡ್ಲಾ?

ಇದಕ್ಕೆ ಕೋರ್ ಚಾರ್ಜ್ ಅನ್ನುತ್ತಾರೆ. ಹಳೇದು ಕೊಟ್ಟರೆ ಕಟ್ಟಿದ ಠೇವಣಿ ವಾಪಸ್. ನನ್ನ ಸಲಹೆ: ಹೊಸದು ಹಾಕಿ, ಒಂದಿಷ್ಟು ದಿನ ಓಡಿಸಿ, ತಣ್ಣಗಿದ್ದಾಗಲೂ ಬಿಸಿಯಲ್ಲೂ ಅಳೆದು ನೋಡುವ ತನಕ ಹಳೇದನ್ನು ಕೈಬಿಡಬೇಡಿ. ಎಷ್ಟು ದಿನ ಗಡುವು ಅಂತ ಮೊದಲೇ ಕೇಳಿ.

ನಿಮ್ಮದು ಕಾರಿನ ಜೊತೆ ಬಂದ ಅಸಲಿ ನಂಬರಿನ ರೆಗ್ಯುಲೇಟರ್ ಆಗಿದ್ದರೆ ಅದಲುಬದಲು ಬೇಡವೇ ಬೇಡ. ನಿಮ್ಮದನ್ನೇ ರಿಪೇರಿ ಮಾಡಿ ಕಳಿಸುವಂತೆ ಹೇಳಿ. ಎರಡು ವಾರ ಕಾರು ಕದಲುವುದಿಲ್ಲ, ಅಷ್ಟೇ. ನಾನು ಒಂದು ಸಲ ಒಳ್ಳೆಯ ನಂಬರಿನದನ್ನು ಕಳಿಸಿ ಬೇರೆ ನಂಬರಿನದನ್ನು ವಾಪಸ್ ಪಡೆದವನು. ಹಳೇದು ಮತ್ತೆ ಕೈಗೆ ಬರಲಿಲ್ಲ.

ಬಳಸಿದ ಪಾರ್ಟ್ ಎಲ್ಲಿ ನೋಡಬೇಕು, ಹೇಗೆ ಪರೀಕ್ಷೆ ಮಾಡಬೇಕು?

ಅಮೆರಿಕದಲ್ಲಾದರೆ ಪೋರ್ಷೆ ಕ್ಲಬ್ ಆಫ್ ಅಮೆರಿಕದ ಸ್ಥಳೀಯ ಘಟಕ ಸೇರಿ. ಅರ್ಧ ಪಾರ್ಟು ಸದಸ್ಯರ ಗ್ಯಾರೇಜಿನಲ್ಲೇ ಇದೆ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ವಸಂತದಲ್ಲಿ ನಡೆಯುವ ಪೋರ್ಷೆ ಸಂತೆ ಪಾರ್ಟಿನವರ ಜಾತ್ರೆ. ಯೂರೋಪಿನಲ್ಲಿರುವವರಿಗೆ ಜರ್ಮನಿಯ ಎಸೆನ್‌ನ ಹಳೇ ಕಾರಿನ ಮೇಳ ಇದೆ.

ಡಿಸ್ಟ್ರಿಬ್ಯೂಟರ್ ನೋಡುವಾಗ ಬೆರಳಿಂದ ಒಳಗಿನ ಕಡ್ಡಿಯನ್ನು ಮೆಲ್ಲಗೆ ತಳ್ಳಿ ನೋಡಿ. ರೇಷ್ಮೆಯ ಹಾಗೆ ಜಾರಬೇಕು. ತಡೆದು ತಡೆದು ಹೋದರೆ ಒಳಗೆ ಹಳೇ ಪೆಟ್ರೋಲ್ ಅಂಟಾಗಿದೆ. ಕಡ್ಡಿ ಕೆಳಗೆ ಬೀಳದಂತೆ ಅಂಗೈ ಹಿಡಿದಿರಿ, ಬಿದ್ದು ಗೀರಾದರೆ ಮುಗಿಯಿತು. ಬಾಯಿಗಳಲ್ಲಿ ಕಂದು ತುಕ್ಕು ಕಂಡರೆ ಕೆಳಗಿಟ್ಟು ನಮಸ್ಕಾರ ಹೇಳಿ. ಬೀಡುಕಬ್ಬಿಣದ ಡಿಸ್ಟ್ರಿಬ್ಯೂಟರ್‌ಗೆ ಪೆಟ್ರೋಲ್ ಜೊತೆ ಸೇರಿದ ನೀರೇ ಶತ್ರು. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ. ವರ್ಷಗಟ್ಟಲೆ ನಿಂತ ಕಾರಿನ ಪಾರ್ಟ್ ಅಂದರೆ ಬೆಲೆ ಎಷ್ಟೇ ಇಳಿಸಿದರೂ ನಾನು ಹಿಂದೆ ಸರಿಯುತ್ತೇನೆ.

ಇಂಜೆಕ್ಟರ್, ಪಂಪ್, ಅಕ್ಯುಮ್ಯುಲೇಟರ್ ಬಳಸಿದ್ದು ಕೊಳ್ಳಲೇಬೇಡಿ.

ನಕಲಿ ಬಾಷ್ ಪಾರ್ಟ್ ಗುರುತಿಸೋದು ಹೇಗೆ?

ಮೊದಲ ಗುರುತು ಬೆಲೆ. ಎಲ್ಲ ಕಡೆ ಇರುವುದರ ಕಾಲುಭಾಗಕ್ಕೆ ಸಿಕ್ಕರೆ ಅನುಮಾನಪಡಿ. ಎರಡನೆಯದು ಕೆತ್ತನೆ. ಡಬ್ಬಿಯ ಮೇಲಿನ ನಂಬರೇ ಪಾರ್ಟಿನ ಮೇಲೂ ಅಚ್ಚುಕಟ್ಟಾಗಿ ಇರಬೇಕು. ಸ್ಟಿಕ್ಕರ್ ಅಂಟಿಸಿದ್ದರೆ, ಹಳೇ ಕೆತ್ತನೆ ಉಜ್ಜಿದ ಗುರುತಿದ್ದರೆ ಬೇಡ. ಡಬ್ಬಿ ಅಸಲಿಯಾಗಿ ಪಾರ್ಟ್ ನಕಲಿಯಾಗಿರುವುದೂ ಉಂಟು, ಖಾಲಿ ಡಬ್ಬಿಗಳನ್ನೂ ಜನ ಮಾರುತ್ತಾರೆ.

ಆಡುಗೋಡಿ ಮೈಕೋ ಅಂದ್ರೆ ಬಾಷೇ ತಾನೆ? ಅಲ್ಲಿ ಕೇಳಿದ್ರೆ ಸಿಗಲ್ವಾ?

ಬೆಂಗಳೂರಿನವರ ಅಚ್ಚುಮೆಚ್ಚಿನ ಪ್ರಶ್ನೆ. ಮೈಕೋ ಬಾಷೇ. 1951ರಲ್ಲಿ ಶುರುವಾದ ಕಂಪನಿ, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿತು. ಆದರೆ ಅದು ಹೆಸರು ಮಾಡಿದ್ದು ಡೀಸೆಲ್ ಪಂಪ್ ಮತ್ತು ಸ್ಪಾರ್ಕ್ ಪ್ಲಗ್‌ನಲ್ಲಿ. ಕೆ-ಜೆಟ್ರಾನಿಕ್ ಪೆಟ್ರೋಲ್ ಕಾರಿನ ಸಾಮಾನು, ಅಲ್ಲಿ ಕೇಳಿ ಪ್ರಯೋಜನವಿಲ್ಲ. ಕಾರು ಪಾರ್ಟಿನ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲೂ ಅಷ್ಟೇ.

ಆದರೂ ಊರಿನ ಡೀಸೆಲ್ ಪಂಪ್ ರಿಪೇರಿಯವರ ಕೈಯನ್ನು ಕಡೆಗಣಿಸಬೇಡಿ. ಸಣ್ಣ ಕಡ್ಡಿ, ಬಿಗಿ ಅಳತೆ, ಒತ್ತಡದಲ್ಲಿ ತೆರೆಯುವ ನಾಝಲ್, ಇದೇ ಅವರ ದಿನನಿತ್ಯದ ಕೆಲಸ. ನಾಝಲ್ ಪರೀಕ್ಷಿಸುವ ಅವರ ಕೈಪಂಪಿಗೆ ಕಡಿಮೆ ಒತ್ತಡದ ಗೇಜ್ ಹಾಕಿದರೆ ಈ ಇಂಜೆಕ್ಟರ್‌ಗಳ ಸಿಂಪಡಣೆಯನ್ನೂ ನೋಡಬಹುದು. ಡೀಸೆಲ್ ನಾಝಲ್ ತೆರೆಯುವುದು ನೂರು ಬಾರ್ ದಾಟಿದ ಮೇಲೆ. ಇದು ಮೂರು ಚಿಲ್ಲರೆ ಬಾರ್‌ಗೇ ತೆರೆಯುತ್ತದೆ. ಅದನ್ನು ಮೊದಲೇ ಹೇಳಿ.

## ಕೈ ಪಳಗಿದವರಿಗೆ

ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತೆ. ಪೆಟ್ರೋಲ್ ಹಾಕಿಸಿ ಹತ್ತು ನಿಮಿಷ ಬಿಟ್ಟು ತಿರುಗಿಸಿದ್ರೆ ಆಗಲ್ಲ. ಅಕ್ಯುಮ್ಯುಲೇಟರಾ, ಪಂಪಾ?

ಇಂಜಿನ್ ನಿಂತ ಮೇಲೆ ಒತ್ತಡ ಉಳಿಯದಿದ್ದರೆ ಬಿಸಿಗೆ ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಗೇಜ್ ಹಾಕಿ ಇಂಜಿನ್ ನಿಲ್ಲಿಸಿ. ಹತ್ತಿಪ್ಪತ್ತು ನಿಮಿಷದ ಮೇಲೂ ಒಂದು ಬಾರ್‌ಗಿಂತ ಜಾಸ್ತಿ ಇರಬೇಕು. ಪಟ್ಟನೆ ಸೊನ್ನೆಗೆ ಬಿದ್ದರೆ ಮೊದಲ ಅನುಮಾನ ಪಂಪಿನ ಬಾಯಲ್ಲಿರುವ, ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಮೇಲೆ. ಅದೊಂದೇ ಬಿಡಿಯಾಗಿ ಸಿಗುತ್ತದೆ, ಪೂರ್ತಿ ಪಂಪ್ ಬೇಕಿಲ್ಲ. ಅಕ್ಯುಮ್ಯುಲೇಟರ್ ಹಿಂಬದಿಯ ಸಣ್ಣ ಹೋಸ್ ಬಿಚ್ಚಿ ನೋಡಿ, ಅಲ್ಲಿಂದ ಪೆಟ್ರೋಲ್ ಬಂದರೆ ಒಳಗಿನ ಪರದೆ ಹರಿದಿದೆ. ಎರಡೂ ಸರಿಯಿದ್ದರೆ ಕೋಲ್ಡ್ ಸ್ಟಾರ್ಟ್ ವಾಲ್ವ್ ಅಥವಾ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು.

ರೆಗ್ಯುಲೇಟರನ್ನು ನಾನೇ ತಿದ್ದಬಹುದಾ? ಸುತ್ತಿಗೆಯಲ್ಲಿ ತಟ್ಟಿದ್ರೆ ಸರಿ ಹೋಗುತ್ತೆ ಅಂತಾರೆ.

ತಟ್ಟುವ ಮಾತು ಸುಳ್ಳಲ್ಲ. ಮೇಲಿರುವ ಒತ್ತಿ ಕೂರಿಸಿದ ಬಿರಡೆಯನ್ನು ಒಳಗೆ ತಟ್ಟಿದರೆ ತಣ್ಣಗಿನ ಒತ್ತಡ ಇಳಿಯುತ್ತದೆ. ಕಷ್ಟ ಏನೆಂದರೆ ಹಿಂದಕ್ಕೆ ಬರಿಸಲು ಎಲ್ಲ ಬಿಚ್ಚಿ ಒಳಗಿನಿಂದ ಹೊಡೆಯಬೇಕು. ಅದಕ್ಕೂ ಮೊದಲು ಸಣ್ಣ ಜಾಲರಿ ಕಟ್ಟಿಕೊಂಡಿದೆಯಾ, ಬಿಸಿ ಮಾಡುವ ಸುರುಳಿಗೆ ಕರೆಂಟ್ ಬರುತ್ತಿದೆಯಾ ನೋಡಿ. ವೈರ್ ಕಿತ್ತು ಬಂದಿದ್ದರೆ ಇಂಜಿನ್ ಬಿಸಿಯಾದರೂ ಒತ್ತಡ ತಡವಾಗಿ ಏರುತ್ತದೆ, ಕಪ್ಪು ಹೊಗೆ ಬರುತ್ತದೆ. ಪ್ಲಗ್ ಸರಿಮಾಡಿದರೆ ಮುಗಿಯಿತು, ರೆಗ್ಯುಲೇಟರ್ ತಪ್ಪೇನೂ ಇರುವುದಿಲ್ಲ.

ಡಿಸ್ಟ್ರಿಬ್ಯೂಟರ್ ಕಿಟ್ ಮಾರ್ತಾರಲ್ಲ, ಮನೆಯಲ್ಲೇ ಬಿಚ್ಚಿ ಜೋಡಿಸಲಾ?

ಕೆಟ್ಟು ಹೋದ ಒಂದನ್ನು ತಂದು ಬಿಚ್ಚಿ ಕಲಿಯಿರಿ. ಚಾಲ್ತಿಯಲ್ಲಿರುವುದನ್ನು ಮುಟ್ಟಬೇಡಿ. ಒಳಗೆ ತೆಳುವಾದ ಉಕ್ಕಿನ ಪರದೆ, ಆರು ಸ್ಪ್ರಿಂಗ್, ಆರು ಹೊಂದಾಣಿಕೆ. ಜೋಡಿಸುವುದು ಕಷ್ಟವಲ್ಲ. ಆಮೇಲೆ ಆರೂ ಬಾಯಿ ಒಂದೇ ಸಮ ಹರಿಯುವಂತೆ ಮಾಡಲು ಬೆಂಚ್ ಬೇಕು, ಮನೆಯ ಆರು ಅಳತೆ ಲೋಟದಿಂದ ಆಗುವ ಕೆಲಸವಲ್ಲ. ನಾನು ಮಾಡಿ ನೋಡಿದ್ದೇನೆ.

ಪೆಟ್ರೋಲ್ ಹೋಸ್ ಯಾವ ಅಂಗಡಿಯದಾದ್ರೂ ನಡೆಯುತ್ತಾ?

ನಡೆಯುವುದಿಲ್ಲ. ಕಾರ್ಬ್ಯುರೇಟರ್ ಕಾರಿನ ಹೋಸ್ ಈ ಒತ್ತಡ ತಾಳುವುದಿಲ್ಲ. ಮೈಮೇಲೆ ಜೆ30ಆರ್9 ಅಂತ ಅಚ್ಚಿರುವ ಇಂಜೆಕ್ಷನ್ ಹೋಸ್ ತನ್ನಿ, ಪೂರ್ತಿ ಸುತ್ತು ಒಂದೇ ಸಮ ಬಿಗಿಯುವ ಕ್ಲಾಂಪ್ ಹಾಕಿ. ಬ್ಯಾಂಜೋ ಬೋಲ್ಟಿನ ವಾಷರ್ ಒಂದೇ ಸಲಕ್ಕೆ. ಏರ್-ಕೂಲ್ಡ್ ಇಂಜಿನ್ ಮೇಲೆ ಒಂದು ಹನಿ ಸೋರಿದರೂ ಬೆಂಕಿಯೇ. ಈ ಒಂದು ವಿಷಯದಲ್ಲಿ ಜಿಪುಣತನ ಬೇಡ.

ಸ್ಟಾರ್ಟ್ ಮಾಡುವಾಗ ಢಂ ಅಂತು, ಆಮೇಲೆ ಐಡಲ್ಲೇ ಇಲ್ಲ. ಯಾವ ಪಾರ್ಟ್ ಹೋಯ್ತು?

ಏರ್‌ಬಾಕ್ಸ್ ಸೀಳಿದೆ. ಪ್ಲಾಸ್ಟಿಕ್ ಡಬ್ಬಿ, ಒಳಗೆ ಹೊತ್ತಿಕೊಂಡ ಪೆಟ್ರೋಲ್ ಹೊಡೆತಕ್ಕೆ ಬಿರುಕು ಬಿಡುತ್ತದೆ. ಎಸ್‌ಸಿಯವರೆಲ್ಲರ ಹಳೇ ಗೋಳು. ಹೊಸದು ಕೂರಿಸಲು ಇಂಜಿನನ್ನು ಅರ್ಧವಾದರೂ ಇಳಿಸಬೇಕು. ಆಗಲೇ ಪಾಪ್-ಆಫ್ ವಾಲ್ವ್ ಅಂಟಿಸಿಬಿಡಿ. ಒಳಗೆ ಸ್ಫೋಟವಾದರೆ ಅದು ಬಾಯಿ ತೆರೆದು ಒತ್ತಡ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಅದರ ರಬ್ಬರ್ ಸೀಲ್ ಹಾಳಾದರೆ ಅದೇ ಹೊಸ ಗಾಳಿ ಸೋರಿಕೆ, ಆಗಾಗ ನೋಡುತ್ತಿರಿ.

ಇಷ್ಟೆಲ್ಲ ಯಾಕೆ, ಕಿತ್ತುಹಾಕಿ ಕಂಪ್ಯೂಟರ್ ಇಂಜೆಕ್ಷನ್ ಹಾಕಿದ್ರೆ ಆಗಲ್ವಾ?

ಆಗುತ್ತದೆ, ತುಂಬ ಜನ ಹಾಕಿದ್ದಾರೆ, ಚೆನ್ನಾಗಿಯೂ ಓಡುತ್ತವೆ. ಆದರೆ ಕ್ಯಾಲಿಫೋರ್ನಿಯಾದಲ್ಲಿದ್ದರೆ ಮೊದಲು ಹೊಗೆ ಪರೀಕ್ಷೆ ನೆನಪಿಸಿಕೊಳ್ಳಿ. 1975 ಮತ್ತು ಅದಕ್ಕೂ ಹಳೇ ಕಾರಿಗೆ ವಿನಾಯಿತಿ. 1976ರಿಂದ ಈಚೆಯದಕ್ಕೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್. ಪರೀಕ್ಷಕರು ಹೊಗೆ ಅಳೆಯುವುದಲ್ಲದೆ ಬಾನೆಟ್ ಎತ್ತಿ ಕಣ್ಣಲ್ಲೂ ನೋಡುತ್ತಾರೆ (ನಮ್ಮದು ಹಿಂದಿದೆ ಬಿಡಿ). ರಾಜ್ಯದ ಮಂಜೂರಾತಿ ನಂಬರ್ ಇಲ್ಲದ ಸಿಸ್ಟಮ್ ಕಂಡರೆ ಹೊಗೆ ಎಷ್ಟೇ ಶುದ್ಧವಿದ್ದರೂ ಫೇಲ್.

ಅಮೆರಿಕಕ್ಕೆ ಬಂದ 1980ರಿಂದ 1983ರ ಎಸ್‌ಸಿಗಳಲ್ಲಿ ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಲ್ಯಾಂಬ್ಡಾ ಸೆನ್ಸರ್, ಅದಕ್ಕೆ ತಕ್ಕಂತೆ ಪೆಟ್ರೋಲ್ ತಿದ್ದುವ ಫ್ರೀಕ್ವೆನ್ಸಿ ವಾಲ್ವ್ ಕೂಡ ಇವೆ. ಅವೂ ಜಾಗದಲ್ಲಿರಬೇಕು, ಕೆಲಸ ಮಾಡಬೇಕು. ಇಂಜಿನ್ ಓಡುವಾಗ ಆ ವಾಲ್ವನ್ನು ಬೆರಳಲ್ಲಿ ಮುಟ್ಟಿದರೆ ಜೇನುನೊಣದ ಹಾಗೆ ಝುಂಯ್‌ಗುಡಬೇಕು. ಸದ್ದಿಲ್ಲದಿದ್ದರೆ ವಾಲ್ವಿಗಿಂತ ಮೊದಲು ಅದರ ರಿಲೇ, ವೈರ್ ನೋಡಿ.

ಬೇರೆ ಊರಲ್ಲಿದ್ದು ಬದಲಿಸುತ್ತೀರಾದರೆ, ಕಿತ್ತ ಒಂದೊಂದು ತುಂಡನ್ನೂ ಒಣಗಿಸಿ, ಬಾಯಿಗಳಿಗೆ ಬಿರಡೆ ಹಾಕಿ, ಹೆಸರು ಬರೆದು ಡಬ್ಬಿಯಲ್ಲಿಡಿ. ಕಾರು ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಆ ಡಬ್ಬಿಯನ್ನೇ. ಬೇಡ ಅನ್ನಿಸಿದರೆ ನನಗೊಂದು ಮಾತು ಹೇಳಿ.

ಊರಿಗೆ ಬರುವಾಗ ನಿಮ್ಮ ಹಳೇ ಪಂಪ್ ಸೂಟ್‌ಕೇಸಲ್ಲಿ ತರ್ತೀರಾ? ಬಿಚ್ಚಿ ನೋಡೋಕೆ.

ಇಲ್ಲ ತಮ್ಮಾ. ಪೆಟ್ರೋಲ್ ಹರಿದ ಪಾರ್ಟನ್ನು ಎಷ್ಟು ತೊಳೆದರೂ ವಾಸನೆ ಉಳಿಯುತ್ತದೆ. ವಿಮಾನದಲ್ಲಿ ಅಂಥದ್ದು ಅಪಾಯದ ಸರಕು, ಹಿಡಿದರೆ ಬ್ಯಾಗೇ ಹೋಗುತ್ತದೆ. ಬಳಸದ ಹೊಸ ಓರಿಂಗ್ ಆದರೆ ಎಷ್ಟು ಬೇಕಾದರೂ ತರುತ್ತೇನೆ.